ಕಾರಿನ ಫೋಟೊ ತೆಗೆಯುವ ಮುಂಚೆ ಬಾಗಿಲಲ್ಲಿ ಏನು ಕಾಣುತ್ತಿದೆ ನೋಡಿ

ಮಾನ್ಯ ಸಂಪಾದಕರೇ,

ಆಯುಧಪೂಜೆ ಬಂತೆಂದರೆ ನಮ್ಮ ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳ ತುಂಬ ಕಾರುಗಳೇ. ಸಾಲ ಮಾಡಿ, ಆಸೆಪಟ್ಟು ಕೊಂಡ ಕಾರು. ಬೆಳಿಗ್ಗೆ ಎದ್ದು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಅಷ್ಟೆಲ್ಲ ಮಾಡಿ ಫೋಟೊ ಮಾತ್ರ ನಡುಮಧ್ಯಾಹ್ನದ ಬಿಸಿಲಲ್ಲಿ, ನಿಂತಲ್ಲಿಂದಲೇ ಒಂದು ಕ್ಲಿಕ್! ಬಾನೆಟ್ ಮೇಲೆ ಕಣ್ಣು ಕುಕ್ಕುವ ಬಿಳಿ ಮಚ್ಚೆ, ಕಾರಿನಡಿ ಕಗ್ಗತ್ತಲು. ನೋಡಿದರೆ ಬೇಜಾರಾಗುತ್ತದೆ. ಒಳ್ಳೆ ಫೋಟೊಗೆ ದುಬಾರಿ ಕ್ಯಾಮೆರಾ ಬೇಕಿಲ್ಲ, ಕೈಯಲ್ಲಿರುವ ಮೊಬೈಲೇ ಸಾಕು.

ಕಾರಿನ ಮೈ ಕನ್ನಡಿ ಇದ್ದ ಹಾಗೆ. ಎದುರಿಗೆ ಏನಿದೆಯೋ ಅದೂ ಫೋಟೊದೊಳಗೆ ಬಂದು ಕೂರುತ್ತದೆ. ಸೊಸೈಟಿಯ ಪಾರ್ಕಿಂಗ್‌ನಲ್ಲೇ ತೆಗೆದರೆ ಎದುರು ಮನೆಯ ಗ್ರಿಲ್ಲು, ಒಣಗಲು ಹಾಕಿದ ಬಟ್ಟೆ, ಪಕ್ಕದ ಸ್ಕೂಟರು ಎಲ್ಲ ಬಾಗಿಲ ಮೇಲೆ ತುಂಡುತುಂಡಾಗಿ ಕಾಣುತ್ತವೆ. ಅದೇ ಕಾರನ್ನು ತೆರೆದ ಆಕಾಶದ ಕಡೆ ಮುಖ ಮಾಡಿ ನಿಲ್ಲಿಸಿ ನೋಡಿ. ಹೆಡ್‌ಲೈಟ್‌ನಿಂದ ಹಿಂದಿನ ದೀಪದವರೆಗೆ ಒಂದೇ ಗೆರೆ ಎಳೆದಂತೆ ಬೆಳಕು ಹರಿಯುತ್ತದೆ. ಕಾರಿನ ಆಕಾರ ಗೊತ್ತಾಗುವುದೇ ಆ ಗೆರೆಯಲ್ಲಿ.

ಕಡಲ ದಂಡೆಯ ಮರೀನ್ ಡ್ರೈವ್ ರಸ್ತೆ ಇದಕ್ಕೆ ಯಾಕೆ ಒಳ್ಳೆ ಜಾಗ ಅಂದರೆ, ಅದು ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ಕಟ್ಟಡಗಳ ಹಿಂದೆ ಇರುತ್ತಾನೆ, ರಸ್ತೆ ನೆರಳಲ್ಲಿರುತ್ತದೆ, ಆದರೆ ಸಮುದ್ರದ ಮೇಲಿನ ಇಡೀ ಆಕಾಶದ ಮೆತ್ತನೆಯ ಬೆಳಕು ಕಾರಿನ ಮೇಲೆ ಬೀಳುತ್ತದೆ. ಸಂಜೆಯಾದರೆ ಸೂರ್ಯ ಮುಳುಗಿದ ಮೇಲಿನ 15-20 ನಿಮಿಷ ಕಾಯಿರಿ, ಆಗ ಹೆಡ್‌ಲೈಟ್ ಹಾಕಿದರೂ ಆಕಾಶದ ಬಣ್ಣ ಉಳಿಯುತ್ತದೆ. ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ನಿಜ. ಭಾನುವಾರ ಬೆಳಿಗ್ಗೆ ಬಲ್ಲಾರ್ಡ್ ಎಸ್ಟೇಟ್‌ಗೆ ಹೋಗಿ, ಆಫೀಸುಗಳೆಲ್ಲ ಮುಚ್ಚಿರುತ್ತವೆ, ಹಳೆ ಕಲ್ಲಿನ ಕಟ್ಟಡಗಳ ಹಿನ್ನೆಲೆ ಪುಕ್ಕಟೆ ಸಿಗುತ್ತದೆ. ಆದರೆ ದಯವಿಟ್ಟು ಸಮುದ್ರದ ಮೇಲಿನ ಸೇತುವೆಗಳಾದ ಸೀ ಲಿಂಕ್ ಮೇಲಾಗಲಿ ಅಟಲ್ ಸೇತುವಿನ ಮೇಲಾಗಲಿ ನಿಲ್ಲಿಸಬೇಡಿ. 2024ರ ಜನವರಿಯಲ್ಲಿ ಅಟಲ್ ಸೇತು ಶುರುವಾದಾಗ ಎಷ್ಟು ಜನ ಫೋಟೊಗಾಗಿ ನಿಲ್ಲಿಸಿ ದಂಡ ಕಟ್ಟಿದರು, ನೆನಪಿದೆ ಅಲ್ವಾ? ದಂಡ ಬಿಡಿ, ಹಿಂದಿನಿಂದ ವೇಗವಾಗಿ ಬರುವ ಗಾಡಿಗೆ ನೀವು ಫೋಟೊ ತೆಗೆಯುತ್ತಿದ್ದೀರಿ ಅಂತ ಹೇಗೆ ಗೊತ್ತಾಗಬೇಕು?

ಇನ್ನು ದೂರ. ಮೊಬೈಲಿನ ಮುಖ್ಯ ಲೆನ್ಸು ಅಗಲವಾಗಿ ನೋಡುತ್ತದೆ, ಹತ್ತಿರ ಹೋದಷ್ಟೂ ಮುಂದಿನ ಬಂಪರ್ ಉಬ್ಬಿ ಹಿಂಭಾಗ ಸಣ್ಣದಾಗುತ್ತದೆ. 15-20 ಅಡಿ ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಜೂಮ್ ಇಟ್ಟು, ಮೊಣಕಾಲೂರಿ, ಹೆಡ್‌ಲೈಟ್ ಎತ್ತರಕ್ಕೆ ಇಳಿದು ತೆಗೆಯಿರಿ. ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದರೆ ಟೈರಿನ ಗೀರುಗಳ ಬದಲು ಚಕ್ರದ ಮುಖ ಕಾಣುತ್ತದೆ. ಕಪ್ಪು ಕಾರನ್ನು ಮೊಬೈಲು ಸುಮ್ನೆ ಬೂದು ಮಾಡಿಬಿಡುತ್ತದೆ, ಪರದೆ ಮುಟ್ಟಿ ಬೆಳಕು ಇಳಿಸಿ. ಬಿಳಿ ಕಾರಿಗೆ ಚೂರು ಏರಿಸಿ. ಕ್ಯಾಮೆರಾ ಇರುವವರು ಲೆನ್ಸಿಗೆ ಹಾಕುವ, ಪ್ರತಿಬಿಂಬ ತಗ್ಗಿಸುವ ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಗಾಜಿನ ಮೇಲಿನ ಆಕಾಶ ಮಾಯವಾಗಿ ಒಳಗಿನ ಸೀಟು ಕಾಣುತ್ತದೆ, ಆದರೆ ಜಾಸ್ತಿ ತಿರುಗಿಸಿದರೆ ಬಣ್ಣದ ಹೊಳಪೂ ಹೋಗುತ್ತದೆ, ಕಿಟಕಿ ಗಾಜಿನಲ್ಲಿ ಕಾಮನಬಿಲ್ಲಿನಂಥ ಕಲೆಗಳೂ ಏಳಬಹುದು.

ಇಷ್ಟು ಬರೆಯಲು ಇನ್ನೊಂದು ಕಾರಣವಿದೆ. ಮುಂಬಯಿಯ ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಬಣ್ಣದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ. ಕೊನೆಯದು ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಯಿತು, ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಅದರ ಕಾಲ ಮುಗಿಯಿತು. ಊರಿಂದ ಬಂದು ಸ್ಟೇಷನ್‌ನಲ್ಲಿ ಇಳಿದ ನಮ್ಮವರೆಷ್ಟೋ ಮಂದಿಯ ಟ್ರಂಕು, ಹಾಸಿಗೆ ಹೊತ್ತದ್ದು ಅದರ ಕ್ಯಾರಿಯರ್. ಆ ಕಪ್ಪು ಮೈಯಲ್ಲಿ ಇಡೀ ಬೀದಿ ಕಾಣುತ್ತಿತ್ತು. ನಮ್ಮ ಮನೆಗಳ ಆಲ್ಬಮ್‌ಗಳಲ್ಲಿ ಅದು ಎಲ್ಲಿದೆ? ಯಾರದೋ ಮದುವೆ ಫೋಟೊದ ಮೂಲೆಯಲ್ಲಿ, ಅರ್ಧ ಕತ್ತರಿಸಿಕೊಂಡು. ಈಗ ನಮ್ಮ ಬಾಗಿಲ ಮುಂದೆ ನಿಂತಿರುವ ಕಾರುಗಳೂ ಒಂದು ದಿನ ಗುಜರಿಗೆ ಹೋಗುವಂಥವೇ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೇ: ಈ ಸಲದ ದಸರಾ ಸಂಚಿಕೆಯಲ್ಲಿ ಓದುಗರ ವಾಹನಗಳ ಫೋಟೊಗಳಿಗೆ ಅರ್ಧ ಪುಟ ಕೊಡಿ. ಜೊತೆಗೆ ಯಾವ ಗಾಡಿ, ಯಾವ ವರ್ಷ, ಎಲ್ಲಿ ತೆಗೆದದ್ದು ಅಂತ ಒಂದು ಸಾಲು. ಟ್ಯಾಕ್ಸಿ ಓಡಿಸುತ್ತಿದ್ದ ಮನೆಗಳಲ್ಲಿ ಹಳೆ ಪದ್ಮಿನಿಯ ಪೂಜೆಯ ಫೋಟೊ ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ ಹಾಕಿ.

— ಒಬ್ಬ ಓದುಗ, ಡೊಂಬಿವಲಿ