ಏಳೂವರೆಗೆ ಮನೆಯಲ್ಲಿರಬೇಕು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ತಂಗಿ, ಅಂದರೆ ನಿನ್ನ ಹೆಂಡತಿ, ಬಾಣಂತನ ಮುಗಿಸಿ, ಎರಡನೇ ಕೂಸನ್ನು ಎತ್ತಿಕೊಂಡು ದಾವಣಗೆರೆಗೆ ವಾಪಸ್ ಬಂದಳು ಅಂತ ಓದಿ ತುಂಬಾ ಖುಷಿ ಆಯ್ತು. ಅದೇ ಮೆಸೇಜಿನ ಕೊನೆ ಸಾಲು ಓದಿ ಬೇಜಾರೂ ಆಯ್ತು. ‘ಇನ್ನು ಗುಡ್ಡ ಹತ್ತೋ ಸೈಕಲ್ ಯಾಕೆ, ಮಾರಿಬಿಡ್ತೀನಿ’ ಅಂತ ಬರೆದಿದ್ದೀಯ. ಯಾರೋ ಅರ್ಧ ಬೆಲೆಗೆ ಕೇಳಿದ್ದಾರಂತೆ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಹೂಂ’ ಅಂದು ಮುಗಿಸಿಬಿಡ್ತೀಯ. ಅದಕ್ಕೇ ಪತ್ರ. ನಿನ್ನ ಹಾಗೇ ಯೋಚಿಸುತ್ತಿರುವ ಅಪ್ಪಂದಿರು ಇನ್ನೂ ಇದ್ದಾರೆ, ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಹಾಕಿಲ್ಲ.

ಮಾರಬೇಡ ಕಣೋ. ಈಗಲಂತೂ ಬೇಡ.

ನನ್ನ ಮಗಳಿಗೆ ಐದು ತುಂಬಿತು, ಮಗನಿಗೆ ಎರಡು. ಇಬ್ಬರೂ ಹುಟ್ಟಿದ ಮೇಲೂ ನಾನು ಸೈಕಲ್ ಬಿಟ್ಟಿಲ್ಲ. ಬಿಡದೇ ಇರೋಕೆ ಸಾಧ್ಯವಾಗಿದ್ದು ನನ್ನ ಹೆಂಡತಿ ಹೇಳಿದ ಒಂದು ಮಾತಿನಿಂದ. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಒಂದು ರಾತ್ರಿ ಕೂತು ಇದನ್ನೇ ಮಾತಾಡುತ್ತಿದ್ದೆವು. ಅವಳು ಹೇಳಿದಳು: “ನೀವು ಹೋಗೋದು ನನಗೆ ಬೇಜಾರಿಲ್ಲ. ಯಾವಾಗ ಬರ್ತೀರ ಅಂತ ಗೊತ್ತಿಲ್ಲದೆ ಕಾಯೋದು ಬೇಜಾರು. ಎಷ್ಟು ಹೊತ್ತಿಗೆ ಬರ್ತೀರ ಅಂತ ಹೇಳಿ ಹೋಗಿ. ಆ ಹೊತ್ತಿಗೆ ಬನ್ನಿ.”

ಇದರಲ್ಲಿ ಎಲ್ಲ ಇದೆ ಅಂತ ನನಗೆ ಅನ್ನಿಸುತ್ತದೆ. ಗಂಡ ಎರಡು ಗಂಟೆ ಹೊರಗಿದ್ದರೆ ಹೆಂಡತಿ ಅದಕ್ಕೆ ತಕ್ಕ ಹಾಗೆ ಕೆಲಸ ಹೊಂದಿಸಿಕೊಳ್ಳುತ್ತಾಳೆ. ಎರಡು ಗಂಟೆಯೋ ಮೂರೂವರೆಯೋ ಗೊತ್ತಿಲ್ಲದಿದ್ದರೆ ಆ ಅಷ್ಟೂ ಹೊತ್ತು ಅವಳದ್ದಲ್ಲ. ಸ್ನಾನಕ್ಕೆ ಹೋಗಲೋ ಬೇಡವೋ, ಕೂಸು ಎದ್ದರೆ ಏನು ಮಾಡೋದು, ಒಲೆ ಮೇಲೆ ಏನಿಡೋದು, ಎಲ್ಲ ಅರ್ಧಂಬರ್ಧ. ನಮ್ಮ ಮನೆಯ ಹೊತ್ತು ಏಳೂವರೆ. ಅವಳು ಶಾಲೆಗೆ ಪಾಠ ಮಾಡಲು ಎಂಟೂ ಕಾಲಿಗೆ ಹೊರಡಬೇಕು. ಏಳೂವರೆಯಿಂದ ಮಕ್ಕಳು ನನ್ನವು: ಸ್ನಾನ, ತಿಂಡಿ, ಮಗಳ ಜಡೆ. ಹ್ಯಾಂಡಲ್ ಹಿಡಿದ ಜುಮುಜುಮು ಕೈಯಿಂದ ಪೂರ್ತಿ ಇಳಿದಿರುವುದಿಲ್ಲ, ಆ ಕೈಯಲ್ಲೇ ಮೂರೆಳೆ ಹೆಣೆಯುತ್ತೇನೆ. “ಅಪ್ಪಾ, ಬಿಗಿ ಸಾಲ್ದು” ಅಂತಾಳೆ.

ರಸ್ತೆ ಮೇಲೆ ಹೋಗುವ ಸೈಕಲ್ ಆಗಿದ್ದರೆ ಹೇಳಿದ ಹೊತ್ತಿಗೆ ಬರುವುದು ಅಷ್ಟು ಕಷ್ಟ ಅಲ್ಲ. ಏನಾದರೂ ಆದರೆ ಆಟೋಗೆ ಹಾಕಿಕೊಂಡು ಬರಬಹುದು. ನಮ್ಮದು ಗಾಡಿ ಜಾಡು, ಗರಸು, ಬಂಡೆ. ಎಲ್ಲೋ ಮಧ್ಯದಲ್ಲಿ ಕೆಟ್ಟು ನಿಂತರೆ ತಳ್ಳಿಕೊಂಡೇ ಬರಬೇಕು. ಹಾಗಾಗಿ ಏಳೂವರೆಗೆ ಮನೆಗೆ ಬರಬೇಕು ಅಂತ ಗಟ್ಟಿ ಮಾಡಿಕೊಂಡ ಮೇಲೆ ನಾನು ಓಡಿಸುವ ರೀತಿಯೇ ಬದಲಾಯಿತು. ಹೇಗೆ ಅಂತ ಬಿಡಿಸಿ ಹೇಳ್ತೀನಿ, ನಿನಗೆ ಉಪಯೋಗಕ್ಕೆ ಬರೋದು ಅದೇ.

ಮೊದಲು ಮುಳ್ಳು. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಶೇಂಗಾ ಹೊಲ, ಈರುಳ್ಳಿ ಹೊಲದ ಬದುವಿನಲ್ಲಿ ಹೋದರೆ ನೆಗ್ಗಿಲು ಮುಳ್ಳು ಬಿಡೋದೇ ಇಲ್ಲ. ಮಳೆ ಬಿದ್ದಾಗ ಹಳದಿ ಹೂವು ಬಿಟ್ಟು ನೆಲಕ್ಕೆ ಅಂಟಿಕೊಂಡು ಚೆಂದ ಹರಡಿರುತ್ತದೆ. ಒಣಗಿದ ಮೇಲೆ ಅದರ ಕಾಯಿ ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ಇರುತ್ತದೆ. ಅದರ ಜೊತೆ ಬಳ್ಳಾರಿ ಜಾಲಿ. ಟ್ಯೂಬ್ ಇರುವ ಟೈರಿನಲ್ಲಿ ಇಲ್ಲಿ ಹೊತ್ತಿನ ಮಾತು ಕೊಡೋಕೆ ಆಗಲ್ಲ. ನಾನು ಟ್ಯೂಬ್‌ಲೆಸ್ ಮಾಡಿಸಿದ್ದು ಇದೊಂದೇ ಕಾರಣಕ್ಕೆ. ಒಳಗೆ ಹಾಕುವ ಸೀಲೆಂಟ್ ಚಿಕ್ಕ ತೂತುಗಳನ್ನು ತಾನೇ ಮುಚ್ಚುತ್ತದೆ, ಗಾಳಿ ಒಂದಿಷ್ಟು ಇಳಿದರೂ ಮನೆ ಸೇರಿಸುತ್ತದೆ. ಆದರೆ ನಮ್ಮ ಬೇಸಿಗೆಗೆ ಅದು ಬೇಗ ಒಣಗುತ್ತದೆ. ಶಿವರಾತ್ರಿ ಹೊತ್ತಿಗೆ ಒಮ್ಮೆ ಬಿಚ್ಚಿ ನೋಡಿ ಹೊಸದು ಹಾಕಬೇಕು. ನಿನ್ನ ಸೈಕಲ್ ಸುಮ್ನೆ ನಿಂತಿದ್ದರೂ ಇದನ್ನು ಮಾಡು.

ಮನೆಗೆ ಬಂದ ಮೇಲೆ ಟೈರಿನಿಂದ ನೆಗ್ಗಿಲು ಕೀಳೋದು ಮಗಳ ಕೆಲಸ. ಸೈಕಲ್ ತಲೆಕೆಳಗೆ ನಿಲ್ಲಿಸಿ ಕೊಡ್ತೀನಿ. ಅವಳು ಚಕ್ರವನ್ನು ಒಂದೊಂದೇ ಗೇಣು ತಿರುಗಿಸುತ್ತಾ, ಮೂಗು ಹತ್ತಿರ ತಂದು, ಸಣ್ಣ ಉಗುರಿನಲ್ಲಿ ಮುಳ್ಳು ಎಬ್ಬಿಸುತ್ತಾಳೆ. ಕಿತ್ತ ಕೂಡಲೇ ತೂತಿನಿಂದ ಬಿಳಿ ಸೀಲೆಂಟ್ ಗುಳ್ಳೆ ಬರುತ್ತದೆ. ಬೆರಳಿಟ್ಟು ಒತ್ತಿ ಹಿಡಿದು “ನಿಂತ್ಕೋ, ನಿಂತ್ಕೋ” ಅಂತ ಅದಕ್ಕೆ ಹೇಳ್ತಾಳೆ. ನಿಂತ ಮೇಲೆ ಮುಳ್ಳು ಬೆಂಕಿಪೊಟ್ಟಣಕ್ಕೆ ಹೋಗುತ್ತದೆ. ತಮ್ಮ ಮುಟ್ಟಬಾರದು ಅಂತ ಆ ಪೊಟ್ಟಣವನ್ನು ಕಿಟಕಿ ಮೇಲೆ ಇಡಿಸುತ್ತಾಳೆ.

ಎರಡನೆಯದು ಗಾಳಿ. ದುರ್ಗದ ಸುತ್ತ ಗುಡ್ಡಗಳ ಮೇಲೆ ಇಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಆಷಾಢ ಬಂತೆಂದರೆ ನೈರುತ್ಯದ ಗಾಳಿ ಮುಖಕ್ಕೆ ಹೊಡೆಯುತ್ತದೆ. ಆ ತಿಂಗಳುಗಳಲ್ಲಿ ನಾನು ಮೊದಲು ಹೊಳಲ್ಕೆರೆ ಕಡೆಗೇ ಹೊರಡುವುದು. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನ ಹಿಂದೆ ಗಾಳಿ. ಉಲ್ಟಾ ಹೋದರೆ ಹಾರಿಕೊಂಡು ಹೋಗಿ, ವಾಪಸ್ ಬರುವಾಗ ಹೊತ್ತು ಕೈ ಬಿಟ್ಟುಹೋಗುತ್ತದೆ. ಎಷ್ಟು ದೂರ ಹೋದೆ ಅಂತ ನಾನು ನೋಡಲ್ಲ. ಇರುವ ಹೊತ್ತಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಗಿದಾಗ ತಿರುಗಿಸಿಬಿಡ್ತೀನಿ, ಗುಡ್ಡದ ತುದಿ ಎದುರಿಗೇ ಕಾಣುತ್ತಿದ್ದರೂ. ಮೊದಮೊದಲು ಕರುಳು ಕಿತ್ತು ಬಂದ ಹಾಗೆ ಆಗುತ್ತಿತ್ತು. ಈಗ ಅಷ್ಟಿಲ್ಲ.

ಹೊತ್ತು ಜಾಸ್ತಿ ಬೇಕು ಅಂದರೆ ಬೇಗ ಎದ್ದು ಕತ್ತಲಲ್ಲೇ ಹೊರಡು ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಜೋಗಿಮಟ್ಟಿ ಬಗಲಲ್ಲೇ ಇದೆ, ವನ್ಯಜೀವಿ ಧಾಮ. ಕರಡಿ, ಚಿರತೆ ಎರಡೂ ಇವೆ. ಕರಡಿ ಊರಂಚಿನವರೆಗೂ ಬರುತ್ತದೆ, ಅದು ನಿನಗೂ ಗೊತ್ತು. ಸದ್ದಿಲ್ಲದೆ ಬರುವ ಸೈಕಲ್ ಕರಡಿಗೆ ಹತ್ತಿರ ಬರುವವರೆಗೂ ಗೊತ್ತಾಗಲ್ಲ. ಗಾಬರಿ ಬಿದ್ದ ಕರಡಿ ಓಡಿಹೋಗುವ ಬದಲು ಮೈಮೇಲೇ ಬೀಳುತ್ತದೆ. ನಾನು ಪೂರ್ತಿ ಬೆಳಕಾದ ಮೇಲೆ ಹೊರಡ್ತೀನಿ, ಪೊದೆ ದಟ್ಟ ಇರುವ ತಿರುವಿನಲ್ಲಿ ಬೆಲ್ ಬಾರಿಸ್ತೀನಿ, ಅರಣ್ಯ ಇಲಾಖೆಯ ಗೇಟ್ ದಾಟುವ ದಾರಿ ಬಿಟ್ಟು ಹೊರಗಿನ ಹೊಲದ ಜಾಡು ಹಿಡಿಯುತ್ತೇನೆ. ಸಂಕ್ರಾಂತಿ ಹೊತ್ತಿಗೆ ಬೆಳಕಾಗೋದೇ ಆರೂವರೆ. ಆಗ ನನಗೆ ಒಂದು ಗಂಟೆಯೂ ಸಿಗಲ್ಲ. ಸಿಕ್ಕಷ್ಟರಲ್ಲೇ ಹೋಗಿ ಬರ್ತೀನಿ, ಚಂದ್ರವಳ್ಳಿ ಕಡೆ ಒಂದು ಏರು, ಒಂದು ಇಳಿಜಾರು.

ಇಳಿಜಾರಿನ ಬಗ್ಗೆ ಸ್ವಲ್ಪ ಗಂಭೀರವಾಗಿ ಹೇಳಬೇಕು. ನಮ್ಮ ಬಂಡೆ ಮೇಲೆ ಸಣ್ಣ ಗರಸು ಹರಡಿರುತ್ತದಲ್ಲ, ರಾಗಿ ಚೆಲ್ಲಿದ ನೆಲದ ಮೇಲೆ ಓಡಿದ ಹಾಗೆ, ಮುಂದಿನ ಚಕ್ರ ಯಾವಾಗ ಜಾರುತ್ತದೋ ಹೇಳೋಕೆ ಆಗಲ್ಲ. ಮೌಂಟನ್ ಬೈಕಿಂಗ್ ಅನ್ನೋ ಈ ಆಟ ಹುಟ್ಟಿದ್ದೇ ಇಳಿಜಾರಿನ ವೇಗದಲ್ಲಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಗುಡ್ಡದ ಮೇಲಿಂದ ಬಿಡುತ್ತಿದ್ದರು. ಯಾರು ಬೇಗ ಕೆಳಗೆ ಬರ್ತಾರೆ ಅಂತ 1976ರಲ್ಲಿ ‘ರೀಪ್ಯಾಕ್’ ಅನ್ನೋ ಪಂದ್ಯ ಶುರು ಮಾಡಿದರು. ಬ್ರೇಕ್ ಕಾದು ಒಳಗಿನ ಗ್ರೀಸ್ ಸುಟ್ಟುಹೋಗಿ, ಪ್ರತಿ ಸಲ ಹೊಸದಾಗಿ ತುಂಬಬೇಕಾಗುತ್ತಿತ್ತು, ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಆಟ ಒಲಿಂಪಿಕ್ಸ್ ಸೇರಿತು. ಆ ವೇಗದ ಸುಖ ನನಗೂ ಗೊತ್ತು, ನಿನಗೂ ಗೊತ್ತು. ಆದರೆ ಕಾಲರ್ ಬೋನ್ ಮುರಿದರೆ ಕಡಿಮೆ ಅಂದರೂ ಆರು ವಾರ ಕೂಸನ್ನು ಆ ಕೈಯಲ್ಲಿ ಎತ್ತಿಕೊಳ್ಳೋಕೆ ಆಗಲ್ಲ. ಆ ಆರು ವಾರ ಎತ್ತಿಕೊಳ್ಳೋರು ಯಾರು ಅಂತ ಯೋಚನೆ ಮಾಡು. ಕಡಿದಾದ ಬಂಡೆ ಬಂದರೆ ನಾನು ಇಳಿದು ನಡೀತೀನಿ. ಹತ್ತೋದರಲ್ಲಿ ಮಾತ್ರ ಒಂದಿಷ್ಟೂ ಕಡಿಮೆ ಮಾಡಿಲ್ಲ. ಏರು ಎಷ್ಟು ಬೇಕಾದರೂ ಹತ್ತು, ಹತ್ತುವಾಗ ಬಿದ್ದು ಮೂಳೆ ಮುರಿಯೋದು ಕಡಿಮೆ.

ಈಗ ನಿನ್ನ ವಿಷಯ. ಕೂಸಿಗೆ ಇನ್ನೂ ಐದು ತಿಂಗಳು. ರಾತ್ರಿ ನಿದ್ದೆ ಇರಲ್ಲ, ತಂಗಿಗಂತೂ ಇಲ್ಲವೇ ಇಲ್ಲ. ನಿದ್ದೆಗೆಟ್ಟ ಬೆಳಿಗ್ಗೆ ಗುಡ್ಡದ ಕಡೆ ಮುಖ ಹಾಕಬೇಡ, ಅವಳನ್ನು ಮಲಗಲು ಬಿಟ್ಟು ಕೂಸನ್ನು ನೀನು ಎತ್ತಿಕೊಂಡು ತಿರುಗಾಡಿಸು. ಇನ್ನು ಆರು ತಿಂಗಳು ಕೊಂಡಜ್ಜಿ ಮರೆತುಬಿಡು. ಹೋಗೋಕೇ ಹದಿನಾಲ್ಕು ಕಿಲೋಮೀಟರ್, ಅಲ್ಲಿ ಒಂದು ಸುತ್ತು, ಮತ್ತೆ ವಾಪಸ್, ಈಗ ಅದು ಜಾಸ್ತಿ ಆಯ್ತು. ನಿಮ್ಮ ಕಡೆ ಭದ್ರಾ ನಾಲೆಯ ಏರಿ ದಾರಿಗಳಿವೆ. ಮಣ್ಣಿನ ದಾರಿ, ಎರಡೂ ಕಡೆ ಗದ್ದೆ, ಮನೆಯಿಂದ ಹತ್ತಿರ. ಮುಕ್ಕಾಲು ಗಂಟೆ ಹೋಗಿ ಬಾ, ಸಾಕು. ಮೈಗೆ ಅಭ್ಯಾಸ ಬಿಟ್ಟುಹೋಗಲ್ಲ. ಒಬ್ಬನೇ ಹೋಗುವಾಗ ಮಾತ್ರ ಆ ದಾರಿ. ನೀರಿನ ಬದಿಗೆ ಮಕ್ಕಳನ್ನು ಕರ್ಕೊಂಡು ಹೋಗಬೇಡ.

ಅಮ್ಮ ಮನೆಯಲ್ಲೇ ಇದ್ದಾರಲ್ಲ, ನೋಡ್ಕೊಳ್ತಾರೆ ಅಂತಲೂ ಅಂದುಕೊಳ್ಳಬೇಡ. ಅವರ ಮಂಡಿ ನೋವು ನಿನಗೆ ಗೊತ್ತು. ಅವರಾಗೇ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡರೆ ಅದು ಅವರ ಸುಖ. ನಿನ್ನ ಸವಾರಿಗೆ ಅಂತ ಅವರನ್ನು ಕೂರಿಸಿದರೆ ಅದು ಕೆಲಸ. ಕೇಳದೇ ಆ ಕೆಲಸ ಹೊರಿಸಬಾರದು.

ತಂಗಿಗೂ ಒಂದು ಹೊತ್ತು ಬೇಕು, ಅವಳದ್ದೇ. ನಮ್ಮಲ್ಲಿ ಶನಿವಾರ ಸಂಜೆ ಇವಳು ಷಟ್ಲ್ ಆಡಲು ಹೋಗ್ತಾಳೆ. ಆ ಸಂಜೆ ಮಕ್ಕಳು, ಅಡುಗೆ, ಬಾಗಿಲಿಗೆ ಬರುವ ನೆಂಟರು ಎಲ್ಲ ನನ್ನ ಪಾಲು. ಅವಳು ಬರುವ ಹೊತ್ತು ನಾನು ಕೇಳಲ್ಲ. ಅವಳೇ ಹೇಳಿ ಹೋಗ್ತಾಳೆ. ನನ್ನ ಬೆಳಿಗ್ಗೆಗಳು ಗಟ್ಟಿಯಾಗಿ ನಿಂತಿರೋದು ಆ ಶನಿವಾರದ ಮೇಲೆ. ಭಾನುವಾರ ನಾವು ನಾಲ್ವರೂ ಕೋಟೆಗೆ ಹೋಗ್ತೀವಿ, ಅಲ್ಲಿ ಸೈಕಲ್ ಇಲ್ಲ, ನಡಿಗೆಯೇ. ಓಬವ್ವನ ಕಿಂಡಿಯಲ್ಲಿ ಮಗಳು ಒಳಗೂ ಹೊರಗೂ ನುಸುಳುತ್ತಾ ಇರ್ತಾಳೆ.

ಕೂಸನ್ನು ಮುಂದೆ ಸೀಟು ಹಾಕಿ ಕೂರಿಸಿಕೊಂಡು ಹೋದರೆ ಹೇಗೆ ಅಂತ ನೀನು ಕೇಳಿದ್ದೆ. ಬೇಡವೇ ಬೇಡ. ಒಂದು ವರ್ಷದ ಒಳಗಿನ ಕೂಸಿನ ಕತ್ತಿಗೆ ಹೆಲ್ಮೆಟ್ ಹೊರುವ ಶಕ್ತಿ ಇರಲ್ಲ, ಕುಲುಕು ತಡೆಯೋ ಶಕ್ತಿಯೂ ಇರಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳೋದೂ ಇದನ್ನೇ. ಒಂದು ವರ್ಷ ದಾಟಿದ ಮೇಲೂ ಸಮ ರಸ್ತೆಯಲ್ಲಿ, ನಿಧಾನಕ್ಕೆ, ಹೆಲ್ಮೆಟ್ ಹಾಕಿ. ಗುಡ್ಡಕ್ಕಲ್ಲ.

ದೊಡ್ಡವಳಿಗೆ ಮೂರು ವರ್ಷ ಆಯ್ತಲ್ಲ, ಅವಳಿಂದ ಶುರು ಮಾಡು. ಪಕ್ಕದಲ್ಲಿ ಎರಡು ಪುಟ್ಟ ಗಾಲಿ ಇರುವ ಸೈಕಲ್ ಕೊಡಿಸಬೇಡ. ಅದರಲ್ಲಿ ಪೆಡಲ್ ತುಳಿಯೋದು ಬರುತ್ತದೆ, ಬ್ಯಾಲೆನ್ಸ್ ಬರಲ್ಲ. ನಾವು ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದು ಕಲಿತವರು, ಮೊದಲು ಬಂದದ್ದು ಬ್ಯಾಲೆನ್ಸೇ ಅಲ್ವಾ? ಚಿಕ್ಕ ಸೈಕಲ್ ತಗೊಂಡು ಎರಡೂ ಪೆಡಲ್ ಬಿಚ್ಚಿಬಿಡು. ಸೀಟು ಇಳಿಸಿ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವ ಹಾಗೆ ಮಾಡು. ಕಾಲಿನಿಂದ ನೆಲ ಒದ್ದು ಒದ್ದು ಓಡಿಸುತ್ತಾ, ಒಂದು ದಿನ ಎರಡೂ ಕಾಲು ಎತ್ತುತ್ತಾಳೆ. ನನ್ನ ಮಗಳು ಎತ್ತಿದಾಗ ನಾನು ಹಿಂದೆ ಓಡುತ್ತಿದ್ದೆ. ಅವಳು ತಿರುಗಿಯೂ ನೋಡಲಿಲ್ಲ. ಜೋಗಿಮಟ್ಟಿ ಕಡೆಯ ಯಾವ ಇಳಿಜಾರೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ.

ತೂಕ ನೋಡಿ ತಗೋ. ಐದು ವರ್ಷದ ಮಗು ಇರೋದೇ ಸುಮಾರು 18 ಕಿಲೋ. ಅದಕ್ಕೆ 10 ಕಿಲೋ ಸೈಕಲ್ ಕೊಟ್ಟರೆ, 70 ಕಿಲೋ ಇರುವ ನಿನಗೆ 39 ಕಿಲೋ ಸೈಕಲ್ ಕೊಟ್ಟ ಲೆಕ್ಕ. ಅದರಲ್ಲಿ ನೀನು ಒಂದು ಏರು ಹತ್ತುತ್ತೀಯಾ? ಅಂಗಡಿಯಲ್ಲಿ ಬಣ್ಣ, ಬುಟ್ಟಿ, ಗೊಂಬೆ ಚಿತ್ರ ಎಲ್ಲ ತೋರಿಸ್ತಾರೆ. ನೀನು ಸುಮ್ನೆ ಒಂದು ಕೈಯಲ್ಲಿ ಎತ್ತಿ ನೋಡು. ಬ್ರೇಕ್ ಹಿಡಿ ಅವಳ ಬೆರಳಿಗೆ ಎಟುಕುತ್ತದಾ ಅಂತ ಅವಳನ್ನೇ ಕೂರಿಸಿ ನೋಡು.

ನಿಜ ಹೇಳಬೇಕೆಂದರೆ, ನಮ್ಮ ಹಳೇ 12 ಇಂಚಿನ ಸೈಕಲ್ ಈಗ ಮಗನ ಕೈಗೆ ಬಂದಿದೆ, ಆದರೆ ಅವನಿಗೆ ಇನ್ನೂ ಎತ್ತರ ಸಾಲದು. ಈ ಬೇಸಿಗೆ ಪೂರ್ತಿ ನಿನ್ನ ಮಗಳೇ ಓಡಿಸಲಿ. ಬರುವ ಭಾನುವಾರ ನಾವು ದಾವಣಗೆರೆಗೆ ಬರ್ತಿದ್ದೀವಿ, ಕಾರಿನ ಹಿಂದೆ ಹಾಕಿಕೊಂಡು ಬರ್ತೀನಿ. ಪೆಡಲ್ ಈಗ ಅದರಲ್ಲೇ ಇದೆ, ಅಲ್ಲೇ ಬಿಚ್ಚೋಣ. 15ರ ಸ್ಪ್ಯಾನರ್ ತೆಗೆದಿಟ್ಟಿರು. ನಾನು ಬರೋ ಮೊದಲೇ ನಿನ್ನ ಮಗಳ ಕಾಲು ಅಳೆದು ಕಳಿಸು, ಹಿಮ್ಮಡಿಯಿಂದ ತೊಡೆಸಂದಿವರೆಗೆ. ಸೀಟು ಇಲ್ಲೇ ಇಳಿಸಿಕೊಂಡು ಬರ್ತೀನಿ. ಎಡಗಡೆ ಪೆಡಲಿಗೆ ತಿರುಪು ಉಲ್ಟಾ ಇರುತ್ತದೆ, ನೆನಪಿರಲಿ, ಅವಸರದಲ್ಲಿ ಬಲ ಹಾಕಿ ಕೆಡಿಸಬೇಡ.

ಅಮ್ಮನಿಗೆ ನಮಸ್ಕಾರ ಹೇಳು. ತಂಗಿಗೆ, ಮಕ್ಕಳಿಗೆ ನೆನಪು.

ನಿನ್ನ
ಚಿತ್ರದುರ್ಗದ ಗೆಳೆಯ