ಹೆದರಿದವರನ್ನೂ ಒಮ್ಮೆ ಕೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ಪುರಾನಾ ಮಂದಿರ್’ ಹಿಂದಿ ಚಿತ್ರದ ಬಗ್ಗೆ ಓದುಗರ ಅಭಿಪ್ರಾಯ ಪ್ರಕಟಿಸಿದ್ದೀರಿ. 1984ರ ಒಂದು ದೆವ್ವದ ಸಿನಿಮಾಕ್ಕೆ ಇಷ್ಟು ಜಾಗ ಕೊಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ಎಲ್ಲವನ್ನೂ ಓದಿ ಮುಗಿಸಿದಾಗ ಬೇಜಾರೂ ಆಯಿತು. ಕೆಲವರು ‘ಅಗ್ಗದ ಸಿನಿಮಾ, ನೋಡಿದರೆ ನಗು ಬರುತ್ತದೆ’ ಎಂದು ಬೈದಿದ್ದಾರೆ. ಕೆಲವರು ‘ಎಷ್ಟು ಕೆಟ್ಟದಾಗಿದೆ ಅಂದರೆ ಅದೇ ಮಜಾ’ ಎಂದು ಹೊಗಳಿದ್ದಾರೆ. ಬೈದವರೂ ನಗುವವರೇ, ಹೊಗಳಿದವರೂ ನಗುವವರೇ. ಆ ಸಿನಿಮಾ ನೋಡಿ ನಿಜವಾಗಿ ಹೆದರಿದ ಒಬ್ಬರ ಮಾತೂ ಅಲ್ಲಿರಲಿಲ್ಲ. ಹೆದರಿಸಲೆಂದೇ ಮಾಡಿದ ಚಿತ್ರ ಅಲ್ವಾ ಅದು? ಹೆದರಿದವರನ್ನು ಕೇಳದೆ ಅದರ ಬಗ್ಗೆ ತೀರ್ಪು ಕೊಡುವುದು ಹೇಗೆ?

ಮುಂಬಯಿಯಲ್ಲಿ ಆ ಚಿತ್ರ ನೋಡಿ ಹೆದರಿದವರಲ್ಲಿ ನಮ್ಮವರು ಬೇಕಾದಷ್ಟಿದ್ದರು. ಊರು ಬಿಟ್ಟು ಬಂದು ಉಡುಪಿ ಹೋಟೆಲುಗಳಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರು, ರಾತ್ರಿ ಹೊತ್ತು ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿಗೆ ಕಟ್ಟುತ್ತಿದ್ದವರು, ಕ್ಯಾಂಟೀನಿನವರು. ನಾನೂ ಅವರಲ್ಲಿ ಒಬ್ಬ. ಗ್ರಾಂಟ್ ರೋಡ್ ಹತ್ತಿರ ಪೀಲಾ ಹೌಸ್‌ನ ಟಾಕೀಸುಗಳಲ್ಲಿ ಹಳೆಯ ಚಿತ್ರಗಳು ಮತ್ತೆ ಮತ್ತೆ ಬರುತ್ತಿದ್ದವು. ಟಿಕೆಟ್ ಅಗ್ಗ. ರಜೆಯ ದಿನ ನಮಗೆ ಹೋಗಲು ಇದ್ದ ಜಾಗವೇ ಅದು. ಊರಿಗೆ ದುಡ್ಡು ಕಳಿಸಿ ಉಳಿದದ್ದರಲ್ಲಿ ಟಿಕೆಟ್ ತೆಗೆದ ಈ ಜನರ ಅಭಿಪ್ರಾಯವನ್ನು ಆಗ ಯಾವ ಪತ್ರಿಕೆಯೂ ಕೇಳಲಿಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಇಂಥ ಚಿತ್ರಗಳು ‘ಸಿ ಗ್ರೇಡ್’. ನೋಡುವ ನಾವೂ ಅದೇ ಲೆಕ್ಕದಲ್ಲಿ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಸಾಮ್ರಿ ಎಂಬ ದುಷ್ಟನನ್ನು ರಾಜನ ಸೈನ್ಯ ಹಿಡಿಯುತ್ತದೆ. ತಲೆ ಕಡಿದು ಪೆಟ್ಟಿಗೆಯಲ್ಲಿಟ್ಟು, ಮೇಲೆ ತ್ರಿಶೂಲ ಇಡುತ್ತಾರೆ. ಮುಂಡವನ್ನು ಬೇರೆ ಕಡೆ, ಹಳೆಯ ದೇವಸ್ಥಾನದ ಬಳಿ ಹೂಳುತ್ತಾರೆ. ಸಾಯುವಾಗ ಅವನು ಶಾಪ ಹಾಕುತ್ತಾನೆ, ಈ ವಂಶದ ಹೆಣ್ಣುಮಕ್ಕಳು ಹೆರಿಗೆಯಲ್ಲೇ ಸಾಯಲಿ ಎಂದು. ಇನ್ನೂರು ವರ್ಷದ ನಂತರ ಪೆಟ್ಟಿಗೆ ತೆರೆಯುತ್ತದೆ. ತಲೆ ಮುಂಡ ಸೇರುತ್ತವೆ.

ಮುಂದಿನದನ್ನು ನಿಮ್ಮ ಓದುಗರು ‘ಬಾಲಿಶ’ ಎಂದಿದ್ದಾರೆ. ನಮಗೆ ಹಾಗನ್ನಿಸಲಿಲ್ಲ, ಯಾಕೆ ಅಂತ ಹೇಳುತ್ತೇನೆ. ಕರಾವಳಿಯಲ್ಲಿ ಬೆಳೆದವರಿಗೆ ಉಪದ್ರದ ಶಕ್ತಿಯನ್ನು ಕಟ್ಟಿ ಹಾಕುವ ಕಥೆ ಹೊಸದಲ್ಲ. ಮಂತ್ರವಾದಿ ಬಂದು ಅದನ್ನು ಮರಕ್ಕೋ ಕುಂಭಕ್ಕೋ ಕಟ್ಟುತ್ತಾನೆ. ಆ ಕಟ್ಟು ಬಿಚ್ಚಬಾರದು. ಬಿಚ್ಚಿದವನ ಮನೆ ಉಳಿಯುವುದಿಲ್ಲ. ಅಜ್ಜಿ ಹೇಳಿದ್ದೂ ಇದನ್ನೇ, ಪರದೆ ಮೇಲೆ ಕಂಡದ್ದೂ ಇದನ್ನೇ. ಹಿಂದಿ ಸರಿಯಾಗಿ ಬಾರದ ಹುಡುಗರಿಗೂ ಪೆಟ್ಟಿಗೆ ಮೇಲಿನ ತ್ರಿಶೂಲ ಯಾಕಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅದನ್ನು ತೆಗೆಯಲು ಕೈ ಚಾಚಿದ ಕೂಡಲೇ ನಮ್ಮ ಸಾಲಿನಲ್ಲಿ ಒಬ್ಬ ತುಳುವಿನಲ್ಲಿ ಜೋರಾಗಿ ಬೈದ. ಯಾರೂ ನಗಲಿಲ್ಲ. ಮೇಲಾಗಿ ಕಥೆಯಲ್ಲಿ ಬಿಜಾಪುರದ ಹೆಸರು ಬರುತ್ತದೆ. ನಮ್ಮ ಜೊತೆಗಿದ್ದ, ಅದೇ ಜಿಲ್ಲೆಯ ಇಂಡಿ ಕಡೆಯ ಹುಡುಗ ಅದು ಕಿವಿಗೆ ಬಿದ್ದಾಗಿನಿಂದ ಕುರ್ಚಿಯ ತುದಿಯಲ್ಲೇ ಕೂತಿದ್ದ.

ಹೋಟೆಲಿಗೆ ಮರಳಿದ ಮೇಲೆ ಚರ್ಚೆ. ಎರಡು ಟೇಬಲ್ ಜೋಡಿಸಿ ಅದರ ಮೇಲೆ ಹಾಸಿಗೆ ಹಾಸುತ್ತಿದ್ದೆವು. ಮೋರಿ, ಅಂದರೆ ಬಚ್ಚಲು, ಹಿಂದುಗಡೆ, ಲೈಟ್ ಇಲ್ಲ. ಆ ರಾತ್ರಿ ಮೋರಿಗೆ ಒಬ್ಬೊಬ್ಬರೇ ಹೋಗಲು ಯಾರೂ ತಯಾರಿರಲಿಲ್ಲ. ಮೇಕಪ್ ಚೆನ್ನಾಗಿತ್ತೋ ಇಲ್ಲವೋ ಎಂಬ ಮಾತೇ ಬರಲಿಲ್ಲ. ರಾಜ ಮಾಡಿದ್ದು ಸರಿಯಾ, ತಲೆಯನ್ನೂ ಮುಂಡವನ್ನೂ ಆಗಲೇ ಸುಟ್ಟುಬಿಡಬಾರದಿತ್ತಾ, ಅಜ್ಜನ ಕಾಲದ ಪಾಪಕ್ಕೆ ಆ ವಂಶದ ಈಗಿನ ಹುಡುಗಿ ಯಾಕೆ ಸಾಯಬೇಕು, ಇದೇ ವಾದ. ಹೋಟೆಲಿನ ಭಂಡಾರಿ, ಅಂದರೆ ಅಡುಗೆಯವರು, ಒಬ್ಬರಿದ್ದರು, ವಯಸ್ಸಾದವರು. ಅವರು ಹೆರಿಗೆಯ ಶಾಪದ ಮಾತು ಬಂದಾಗ ಎದ್ದು ಹೊರಗೆ ಹೋದರು. ಅವರ ಹೆಂಡತಿ ತೀರಿಕೊಂಡದ್ದು ಹಾಗೇ. ನಮ್ಮ ಹಳ್ಳಿಗಳಲ್ಲಿ ಬಾಣಂತಿ ಸಾವು ಆಗ ಪ್ರತಿ ಮನೆಯೂ ಕಂಡ ಹೆದರಿಕೆ. ಚಿತ್ರ ಅಲ್ಲಿಗೇ ಕೈ ಹಾಕಿತ್ತು.

‘ರಬ್ಬರ್ ಮುಖವಾಡ ಕಾಣಿಸುತ್ತದೆ’ ಎಂದು ಒಬ್ಬರು ಬರೆದಿದ್ದಾರೆ. ಇದಕ್ಕಂತೂ ಉತ್ತರ ಕೊಡಲೇಬೇಕು. ಮೇಕಪ್ ಇತ್ತು, ನಿಜ. ಆದರೆ ಅಲ್ಲಿರುವುದು ಸಾಮ್ರಿಯ ಪಾತ್ರ ಮಾಡಿದ ಅನಿರುದ್ಧ ಅಗರ್ವಾಲ್ ಅವರ ಸ್ವಂತ ಮುಖ. ಆಗ ಅಜಯ್ ಅಗರ್ವಾಲ್ ಎಂಬ ಹೆಸರಿನಲ್ಲಿ ನಟಿಸುತ್ತಿದ್ದರು. ರೂರ್ಕಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಅವರ ಎತ್ತರ, ಆ ನಿಧಾನದ ನಡಿಗೆ, ತಲೆ ಎತ್ತಿ ನೋಡುವ ರೀತಿ, ಇದನ್ನೆಲ್ಲ ಯಾವ ಅಂಗಡಿಯಲ್ಲೂ ಕೊಳ್ಳಲು ಆಗುವುದಿಲ್ಲ. ಮಾತು ತೀರಾ ಕಡಿಮೆ ಇರುವ ಪಾತ್ರವನ್ನು ಜನ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಾರೆ ಅಂದರೆ ಅದು ನಟನೆ.

‘ಅಗ್ಗದ’ ಎಂಬ ಮಾತಿನ ಬಗ್ಗೆ. ಹೌದು, ಕಡಿಮೆ ದುಡ್ಡಿನ ಚಿತ್ರವೇ. ಇದನ್ನು ತೆಗೆದ ರಾಮ್ಸೆ ಅಣ್ಣತಮ್ಮಂದಿರು ಏಳು ಜನ. ತಂದೆ ದೇಶ ವಿಭಜನೆಯ ಕಾಲದಲ್ಲಿ ಕರಾಚಿಯಿಂದ ಬಂದು ಇಲ್ಲಿ ರೇಡಿಯೋ ಅಂಗಡಿ ಇಟ್ಟವರು. ಅವರು ನಿರ್ಮಿಸಿದ 1970ರ ಒಂದು ಚಿತ್ರ ಓಡಲಿಲ್ಲ. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಮುಖವಾಡ ಹಾಕಿ ಕಳ್ಳತನ ಮಾಡುವ ದೃಶ್ಯ ಬಂದಾಗ ಜನ ಎಚ್ಚೆತ್ತು ಕೂರುವುದನ್ನು ಮಕ್ಕಳು ಗಮನಿಸಿದರು. ಟಾಕೀಸಿನಲ್ಲಿ ಕೂತು ಪ್ರೇಕ್ಷಕರ ಮುಖ ನೋಡಿ ಕಲಿತ ಪಾಠ ಅದು. 1972ರಲ್ಲಿ ‘ದೋ ಗಜ್ ಜಮೀನ್ ಕೆ ನೀಚೆ’ ಬಂತು. ಮಹಾಬಲೇಶ್ವರದಲ್ಲಿ ಗೆಸ್ಟ್ ಹೌಸ್ ಹಿಡಿದು, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ತೆಗೆದ ಚಿತ್ರ. ಖರ್ಚು ಸುಮಾರು 3.5 ಲಕ್ಷ ರೂಪಾಯಿ ಎನ್ನುತ್ತಾರೆ. ತುಳಸಿ, ಶ್ಯಾಮ್ ನಿರ್ದೇಶನ. ಗಂಗು ಕ್ಯಾಮೆರಾ. ಕಿರಣ್ ಧ್ವನಿ. ಕುಮಾರ್ ಬರವಣಿಗೆ. ಮನೆಯವರೇ ಹಂಚಿಕೊಂಡು ಮಾಡಿದ ಕೆಲಸ. ನಮ್ಮ ಊರಿನ ಕಡೆ ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಡುವ ಹಾಗೆ ಅವರು ಶೂಟಿಂಗಿಗೆ ಹೊರಡುತ್ತಿದ್ದರು. ಸೆಟ್ ಹಾಕುವ ದುಡ್ಡಿಲ್ಲದಾಗ ನಿಜವಾದ ಹಳೆಯ ಬಂಗಲೆ ಹುಡುಕಿದರು. ನೀಲಿ ಕೆಂಪು ಬೆಳಕು, ಹೊಗೆ, ಕಿರ್ರ್ ಎನ್ನುವ ಬಾಗಿಲು, ಇಷ್ಟರಲ್ಲೇ ಮೈ ನಡುಗಿಸಿದರು. 1993ರಲ್ಲಿ ಝೀ ಟಿವಿಯಲ್ಲಿ ಹಾರರ್ ಧಾರಾವಾಹಿ ಶುರುವಾದಾಗ ಮನೆಮನೆಯಲ್ಲಿ ಚಾದರ ಎಳೆದುಕೊಂಡು ನೋಡಿದ್ದೂ ಇವರದೇ ಕೆಲಸ.

ದೋಷ ಇಲ್ಲ ಎನ್ನುತ್ತಿಲ್ಲ. ನಡುವೆ ಜಗದೀಪ್ ಡಕಾಯಿತನ ವೇಷದಲ್ಲಿ ಬರುವ ಹಾಸ್ಯ ತುಂಬಾ ಉದ್ದವಾಯಿತು. ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ, ಹೆದರಿಕೆ ಅಲ್ಲಿ ಇಳಿದುಹೋಗುತ್ತದೆ. ಹೆಣ್ಣುಮಕ್ಕಳನ್ನು ಕ್ಯಾಮೆರಾ ನೋಡುವ ರೀತಿಯ ಬಗ್ಗೆ ಮುಲುಂಡಿನ ಓದುಗರೊಬ್ಬರು ಬರೆದದ್ದು ನೂರಕ್ಕೆ ನೂರು ಸರಿ. ಆಗಲೂ ನಮ್ಮಲ್ಲಿ ಕೆಲವರಿಗೆ ಅದು ಮುಜುಗರವಾಗಿತ್ತು. ಮನೆಯ ಹೆಂಗಸರನ್ನು ಕರೆದುಕೊಂಡು ಹೋಗುವ ಚಿತ್ರ ಅಲ್ಲ ಎಂದು ಎಲ್ಲರೂ ಹೇಳುತ್ತಿದ್ದದ್ದೂ ಅದಕ್ಕೇ. ಆ ಟೀಕೆಯನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅವರು ಚಿತ್ರವನ್ನು ಪೂರ್ತಿ ನೋಡಿ, ಗಂಭೀರವಾಗಿ ಬರೆದಿದ್ದಾರೆ.

ಉಳಿದವರಲ್ಲಿ ಎಷ್ಟು ಜನ ಪೂರ್ತಿ ನೋಡಿದ್ದಾರೋ ಎಂಬ ಅನುಮಾನ ನನಗಿದೆ. ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು, ಕೆಳಗೆ ನಗುವ ಚಿಹ್ನೆ. ಲೋಕಲ್ ಟ್ರೇನಿನಲ್ಲಿ ನಿಂತು, ಹಗಲು ಬೆಳಕಿನಲ್ಲಿ, ಸೌಂಡ್ ತೆಗೆದು ನೋಡಿದರೆ ಯಾವ ದೆವ್ವ ತಾನೇ ಹೆದರಿಸುತ್ತದೆ? ಇದು ಕತ್ತಲಿಗಾಗಿ ಮಾಡಿದ ಚಿತ್ರ. ಪಕ್ಕದಲ್ಲಿ ಗೊತ್ತಿಲ್ಲದವರು ಕೂತಿರಬೇಕು, ಅವರೂ ಉಸಿರು ಬಿಗಿ ಹಿಡಿದಿರಬೇಕು.

ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ ರಾಮ್ಸೆ 2019ರಲ್ಲಿ ತೀರಿಕೊಂಡರು. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಚಿತ್ರಗಳನ್ನು ಕಾಪಾಡುವ ಕೆಲಸ ಅಲ್ಲಿ ನಡೆಯುತ್ತದೆ. ಆದರೆ ನೋಡಿದವರ ಮಾತನ್ನು ಬರೆದಿಡುವವರು ಯಾರು? ಆಗ ಇಪ್ಪತ್ತರ ಒಳಗಿದ್ದ ಹೋಟೆಲ್ ಹುಡುಗರಿಗೆ ಈಗ ಅರವತ್ತರ ಆಸುಪಾಸು. ಎಷ್ಟೋ ಜನ ಊರು ಸೇರಿದ್ದಾರೆ.

ಆದ್ದರಿಂದ ಎರಡು ವಿನಂತಿ. ಪುರವಣಿಯಲ್ಲಿ ಇದೇ ಚಿತ್ರದ ಬಗ್ಗೆ ಇನ್ನೊಂದು ಸುತ್ತು ಅಭಿಪ್ರಾಯ ಕರೆಯಿರಿ, ಈ ಸಲ ಟಾಕೀಸಿನಲ್ಲಿ ನೋಡಿದವರಿಂದ ಮಾತ್ರ. ಬರೆಯಲು ಬಾರದವರಿಗೆ ಫೋನ್ ಮಾಡಿ ಕೇಳಿದರೂ ಆದೀತು. ಹಾಗೇ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂಥ ನಮ್ಮ ಸಂಸ್ಥೆಗಳು ಹಕ್ಕುದಾರರ ಒಪ್ಪಿಗೆ ಪಡೆದು ಒಂದು ಪ್ರದರ್ಶನ ಇಡಲಿ. ಲೈಟ್ ಪೂರ್ತಿ ಆರಿಸಿ, ಸೌಂಡ್ ಪೂರ್ತಿ ಇಟ್ಟು. ಹಳಬರನ್ನೂ ಕರೆಯಲಿ, ನಗುವ ಹುಡುಗರನ್ನೂ ಕರೆಯಲಿ. ಸಮಯ ಮಾತ್ರ ಸಂಜೆ ಆರಕ್ಕೆ ಇಡಿ. ಡೊಂಬಿವಲಿ, ವಸಾಯಿ ಕಡೆಯಿಂದ ಬರುವವರೇ ಜಾಸ್ತಿ, ಎಲ್ಲರಿಗೂ ವಾಪಸ್ ಟ್ರೇನ್ ಸಿಗಬೇಕು.

ಇಂತಿ,
ನಿಮ್ಮ ಹಳೆಯ ಓದುಗ
ಡೊಂಬಿವಲಿ ಪೂರ್ವ