‘ಮದರ್‌ಬೋರ್ಡ್ ಗಯಾ’ ಅನ್ನುವ ಮೊದಲು ಏನು ನೋಡಿದಿರಿ?

ಮಾನ್ಯ ಸಂಪಾದಕರೇ,

ನಾನು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮನೆಯಲ್ಲೇ ಕೂತು ಕನ್ನಡ ಡಿಟಿಪಿ ಮಾಡುವವಳು. ಲಗ್ನಪತ್ರಿಕೆ, ಸಂಘಗಳ ಸ್ಮರಣ ಸಂಚಿಕೆ, ಸತ್ಯನಾರಾಯಣ ಪೂಜೆಯ ಆಮಂತ್ರಣ, ಇಂಥವು. ತುಳಸಿ ಲಗ್ನ ಮುಗಿಯಿತೆಂದರೆ ನನಗೆ ಸೀಸನ್. ಈ ಸಲ ಸರಿಯಾಗಿ ಅದೇ ಹೊತ್ತಿಗೆ ನನ್ನ ಕಂಪ್ಯೂಟರ್ ಹ್ಯಾಂಗ್ ಆಗಲು ಶುರುವಾಯಿತು.

ಹ್ಯಾಂಗ್ ಅಂದರೆ ಸುಮ್ನೆ ನಿಧಾನ ಆಗುವುದಲ್ಲ. ವರನ ಸೋದರಮಾವಂದಿರ ಹೆಸರು ಟೈಪ್ ಮಾಡುತ್ತಿದ್ದೆ, ಮೌಸಿನ ಬಾಣ ಇದ್ದಲ್ಲೇ ನಿಂತಿತು. ಹಿಂದೆ ಹಚ್ಚಿಟ್ಟಿದ್ದ ಹಾಡು ಒಂದೇ ಅಕ್ಷರ ಹಿಡಿದುಕೊಂಡು ‘ಗರ್‌ರ್‌ರ್’ ಎಂದು ಎಳೆಯತೊಡಗಿತು. ಪವರ್ ಬಟನ್ ಒತ್ತಿ ಹಿಡಿದು ಆರಿಸಬೇಕು, ಮತ್ತೆ ಹಚ್ಚಬೇಕು. ಸೋದರಮಾವಂದಿರು ಮತ್ತೆ ಮೊದಲಿನಿಂದ. ದಿನಕ್ಕೆ ನಾಲ್ಕೈದು ಸಲ ಹೀಗೆ.

ಹತ್ತಿರದ ಅಂಗಡಿಗೆ ಒಯ್ದೆವು. ‘ವೈರಸ್ ಇರಬೇಕು’ ಎಂದು ಫಾರ್ಮ್ಯಾಟ್ ಮಾಡಿ, ಅಂದರೆ ವಿಂಡೋಸ್ ಇರುವ ಭಾಗ ಅಳಿಸಿ ಹೊಸದಾಗಿ ಹಾಕಿ, 600 ರೂಪಾಯಿ ತಗೊಂಡರು. ಮನೆಗೆ ಬಂದು ಹಳೆಯ ಫೈಲ್ ತೆರೆದರೆ ಎದೆ ಝಲ್ಲೆಂದಿತು. ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ. ಆಮೇಲೆ ಹೊಳೆಯಿತು: ನನ್ನ ಹಳೆಯ ಕೆಲಸವೆಲ್ಲ ಈಗಿನ ಏಕರೂಪ ಅಕ್ಷರ ಪದ್ಧತಿಯಾದ ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಮಾಡಿದ್ದು; ಆ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುವುದಿಲ್ಲ. ಫಾರ್ಮ್ಯಾಟಿನಲ್ಲಿ ಆ ಫಾಂಟ್ ಹೋಗಿದೆ, ಅಷ್ಟೇ. ಮತ್ತೆ ಹಾಕಿಕೊಂಡ ಮೇಲೆ ಅಕ್ಷರ ಬಂದವು. ಆದರೆ ಎರಡನೇ ದಿನ ಮತ್ತೆ ಹ್ಯಾಂಗ್.

ಮತ್ತೆ ಅದೇ ಅಂಗಡಿ. ಈ ಸಲ ಆ ಹುಡುಗ ಡಬ್ಬಿ ಬಿಚ್ಚಲೂ ಇಲ್ಲ. ‘ಮೇಡಂ, ಮದರ್‌ಬೋರ್ಡ್ ಗಯಾ. ನಯಾ ಲೇ ಲೋ’ ಅಂದ. ಎಲ್ಲ ಭಾಗ ಜೋಡಿಸಿರುವ ಮುಖ್ಯ ಹಲಗೆಯೇ ಕೆಟ್ಟಿದೆ, ಹೊಸದು ತಗೊಳ್ಳಿ ಅಂತ. 28,000 ರೂಪಾಯಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ನಿಮ್ಮ ಆರನೇ ಜನರೇಷನ್ ಐ3 ಪ್ರೊಸೆಸರ್‌ಗೆ ವಿಂಡೋಸ್ 11 ಹಿಡಿಸುವುದಿಲ್ಲ, ಹೇಗೂ ಬದಲಿಸಲೇಬೇಕು ಎಂದೂ ಸೇರಿಸಿದ. ಅದು ನಿಜವೇ. ಆದರೆ ಅದಕ್ಕೂ ಹ್ಯಾಂಗ್ ಆಗುವುದಕ್ಕೂ ಏನು ಸಂಬಂಧ? ಸಪೋರ್ಟ್ ಮುಗಿದರೆ ಮಾಮೂಲಿ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ. ಯಂತ್ರ ನಿಂತುಹೋಗುವುದಿಲ್ಲ.

ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಒಯ್ಯಿರಿ ಎಂದರು ಪಕ್ಕದ ಮನೆಯವರು. ಡೊಂಬಿವಲಿಯಿಂದ ಡಬ್ಬಿ ಹೊತ್ತುಕೊಂಡು ಲೋಕಲ್ ಹತ್ತಿ, ದಾದರ್‌ನಲ್ಲಿ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿಯುವುದು! ಹೇಳುವುದು ಸುಲಭ.

ಕೊನೆಗೆ ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗನಿಗೆ ಫೋನ್ ಹಚ್ಚಿದೆ. ಅವನು ಮೊದಲು ಕೇಳಿದ್ದು, ‘ಮೌಶಿ, ಹ್ಯಾಂಗ್ ಆದಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡ್ರಿ. ಕೀಬೋರ್ಡಿನ ದೀಪ ಹತ್ತಿ ಆರತದೇನು?’ ದೀಪ ಹತ್ತಿ ಆರಿದರೆ ಯಂತ್ರ ಒಳಗೆ ಜೀವಂತ, ಯಾವುದೋ ಪ್ರೋಗ್ರಾಮ್ ಅಥವಾ ಪರದೆ ಮಾತ್ರ ಸಿಕ್ಕಿಹಾಕಿಕೊಂಡಿದೆ. ದೀಪವೂ ಅಲುಗದಿದ್ದರೆ ಇಡೀ ಯಂತ್ರವೇ ನಿಂತಿದೆ. ನಮ್ಮದು ಅಲುಗಲಿಲ್ಲ. ಹಾಗಾದರೆ ಹಾರ್ಡ್‌ವೇರ್ ಮೇಲೇ ಜಾಸ್ತಿ ಅನುಮಾನ ಅಂದ. ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕೆಂಪು ಗುರುತಿನ ಜೊತೆ ‘ಕರ್ನಲ್ ಪವರ್ 41’ ಅಂತ ಇತ್ತು. ನಾನು ಹೆದರಿದೆ, ಅವನು ನಕ್ಕ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಎಂದಷ್ಟೇ ಅದರ ಅರ್ಥವಂತೆ. ಬಟನ್ ಒತ್ತಿ ಆರಿಸಿದ್ದು ನಾನೇ ಅಲ್ವಾ?

ರವಿವಾರ ಡಬ್ಬಿ ಬಿಚ್ಚಿದೆವು. ಪ್ಲಗ್ ಕಿತ್ತು, ಉಳಿದ ಕರೆಂಟ್ ಇಳಿಯಲಿ ಎಂದು ಪವರ್ ಬಟನ್ ಒಮ್ಮೆ ಒತ್ತಿ, ಡಬ್ಬಿಯ ಲೋಹ ಮುಟ್ಟಿ ಆಮೇಲೆ ಒಳಗೆ ಕೈ. ನಮ್ಮ ಮನೆಯವರು ಟಾರ್ಚ್ ಹಿಡಿದರು. ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಗಾಳಿಯಾಡದೆ ಬಿಸಿಯಾಗಿ ನಿಲ್ಲುತ್ತಿರಬೇಕು, ಸಿಕ್ಕೇಬಿಟ್ಟ ಕಳ್ಳ ಅಂದುಕೊಂಡೆ. ಪೇಂಟಿಂಗ್ ಬ್ರಷ್‌ನಿಂದ ಎಲ್ಲ ಉದುರಿಸಿ ಹಚ್ಚಿದರೆ ಸಂಜೆಯೊಳಗೆ ಮತ್ತೆ ಹ್ಯಾಂಗ್. ಕಳ್ಳ ಅವನಲ್ಲ.

ಆಮೇಲೆ ರ‍್ಯಾಮ್. ಕೆಲಸ ನಡೆಯುವಾಗಿನ ಮಾಹಿತಿ ಹಿಡಿದಿಡುವ ಮೆಮೊರಿ ಅದು. ನಾಲ್ಕು ಜಿಬಿಯ ಎರಡು ಪಟ್ಟಿಗಳಿವೆ, ಅವನ್ನು ಕೂರಿಸಲು ಎರಡು ಸ್ಲಾಟ್. ಒಂದನ್ನು ತೆಗೆದಿಟ್ಟು ಒಂದರಲ್ಲೇ ಒಂದು ದಿನ ನಡೆಸಿದೆ: ಸುಸೂತ್ರ. ಅದೇ ಸ್ಲಾಟಿಗೆ ಇನ್ನೊಂದು ಪಟ್ಟಿ ಹಾಕಿದೆ: ಅದೂ ಸುಸೂತ್ರ. ಎರಡನೇ ಸ್ಲಾಟಿಗೆ ಯಾವುದನ್ನು ಹಾಕಿದರೂ ಹ್ಯಾಂಗ್! ಪಟ್ಟಿಯ ತುದಿಯಲ್ಲಿ ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಈ ಊರಿನ ಮಳೆಗಾಲದ ಥಂಡಿಗೋ ಏನೋ, ನಮ್ಮವು ಹಳೇ ನತ್ತಿನ ಹಾಗೆ ಮಂಕಾಗಿದ್ದವು. ಮೊಮ್ಮಗಳ ಕಂಪಾಸ್ ಪೆಟ್ಟಿಗೆಯ ಬಿಳಿ ರಬ್ಬರ್ ತಗೊಂಡು, ಡಬ್ಬಿಯಿಂದ ದೂರ ಕೂತು ಮೆಲ್ಲಗೆ ಉಜ್ಜಿದೆ. ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಅದೇ ಇನ್ನೊಂದು ರೋಗ. ಸ್ಲಾಟಿಗೆ ಒಣ ಬ್ರಷ್ ಆಡಿಸಿದೆ. ಎರಡೂ ಕಡೆಯ ಕ್ಲಿಪ್ ‘ಟಕ್’ ಅನ್ನುವವರೆಗೆ ಪಟ್ಟಿ ಒತ್ತಿ ಕೂರಿಸಿದೆ. ರಾತ್ರಿ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದೆ. ದೋಷ ಇಲ್ಲ ಅಂತ ಬಂತು. ಅಂದಿನಿಂದ ಎಂಟು ಲಗ್ನಪತ್ರಿಕೆ ಆಗಿವೆ, ಒಂದು ಸಲವೂ ನಿಂತಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ಸ್ಲಾಟ್ ಇರುವುದು ಮದರ್‌ಬೋರ್ಡಿನ ಮೇಲೇ. ಎಲ್ಲರ ಯಂತ್ರಕ್ಕೂ ರಬ್ಬರ್ ಮದ್ದಲ್ಲ ಎನ್ನುವುದೂ ಗೊತ್ತು. ಹಾರ್ಡ್‌ಡಿಸ್ಕ್ ಸಾಯುತ್ತಿದ್ದರೂ, ಪವರ್ ಸಪ್ಲೈ ಸೊರಗಿದ್ದರೂ ಹೀಗೇ ಆಗಬಹುದು. ಆ ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಮನೆಯಲ್ಲಿ ಯಾರೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ನನ್ನ ತಕರಾರು ಬಿಚ್ಚಿ ನೋಡದೆ ಹೇಳುವುದರ ಬಗ್ಗೆ. ಮೊದಲ ದಿನ ಕೊಟ್ಟ ಬಿಲ್ ನನ್ನ ಹತ್ತಿರ ಇನ್ನೂ ಇದೆ. ಅದರಲ್ಲಿ ಇರುವುದು ಒಂದೇ ಸಾಲು: ‘ಸರ್ವಿಸ್, 600’. ರ‍್ಯಾಮ್ ಒಂದೊಂದಾಗಿ ಹಾಕಿ ನೋಡಿದರೇ, ಡಿಸ್ಕ್ ಪರೀಕ್ಷೆ ಮಾಡಿದರೇ, ಬೇರೆ ಪವರ್ ಸಪ್ಲೈ ಜೋಡಿಸಿ ನೋಡಿದರೇ? ಒಂದೂ ಇಲ್ಲ. ನಾನು 300 ರೂಪಾಯಿಯ ಕೆಲಸಕ್ಕೂ ಎಷ್ಟು ಪ್ರೂಫ್ ಕೊಟ್ಟೆ, ಎಷ್ಟು ಸಲ ತಿದ್ದಿದೆ ಎಂದು ಬರೆದೇ ಬಿಲ್ ಕೊಡುತ್ತೇನೆ. ರಿಪೇರಿ ಅಂಗಡಿಯವರೂ ಏನೇನು ನೋಡಿದೆವು, ಏನು ಕಂಡಿತು ಎಂದು ನಾಲ್ಕು ಸಾಲು ಬರೆದುಕೊಡಲಿ. ನಿಮ್ಮ ಓದುಗರೂ ದುಡ್ಡು ಕೊಡುವ ಮೊದಲು ಅದನ್ನು ಕೇಳಿ ಪಡೆಯಲಿ. ಮರಾಠಿಯಲ್ಲೋ ಹಿಂದಿಯಲ್ಲೋ ಬರೆದರೂ ಆದೀತು.

ನಿಮ್ಮ ಹಳೆಯ ಓದುಗರಲ್ಲೊಬ್ಬಳು,
ಡೊಂಬಿವಲಿ ಪೂರ್ವ